ಎರಡು ಕಿಟಕಿಗಳ ನಡುವಿನ ಕನ್ನಡಿಗೆ ಏನನ್ನಲಿ? (ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಹಳೆಯ ಫ್ರೆಂಚ್ ಅರಮನೆಗಳ ಫೋಟೋ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ವರ್ಸೇಯದ್ದು ‘ಕನ್ನಡಿ ಪಡಸಾಲೆ’ ಅಂತ ಸಲೀಸಾಗಿ ಆಯ್ತು: 17 ಕಮಾನು, ಒಂದೊಂದಕ್ಕೆ 21, ಒಟ್ಟು 357 ಕನ್ನಡಿ. ಸಿಕ್ಕಿಕೊಂಡಿದ್ದು ‘ಟ್ರೂಮೋ’ ಹತ್ತಿರ. ಎರಡು ಕಿಟಕಿಗಳ ನಡುವಿನ ಗೋಡೆಗೆ ಕೂರಿಸುವ, ಕೆತ್ತನೆಯ ಮರದ ಚೌಕಟ್ಟಿಗೆ ಚಿನ್ನ ಹಚ್ಚಿದ ಎತ್ತರದ ಕನ್ನಡಿ. ಮೊದಲು ಆ ಗೋಡೆಗೇ ಈ ಹೆಸರಿತ್ತಂತೆ. ‘ಚಿನ್ನದ ಮುಲಾಮಿನ ನಿಲುಗನ್ನಡಿ’ ಅಂದರೆ ಸರಿನಾ? ಇರೋದು ಒಂದೇ ಸಾಲಿನ ಜಾಗ. ಫೋಟೋ ಲಗತ್ತಿಸಿದ್ದೇನೆ. ಚೌಕಟ್ಟಿನ ಮೂಲೆಯಲ್ಲಿ ತುಕ್ಕು ಹಿಡಿದಿದೆ, ಕ್ಷಮಿಸಿ.

ಮರು:
ಎರಡೂ ತಪ್ಪು. ನಿಲುಗನ್ನಡಿ ಸೀರೆ ಉಟ್ಟು ಎದುರು ನಿಂತು ನೋಡಿಕೊಳ್ಳೋದು. ಇದು ಗೋಡೆಯ ಸಿಂಗಾರ, ರಾತ್ರಿ ಮೇಣದ ಬತ್ತಿಯ ಬೆಳಕನ್ನು ಕೋಣೆಗೆ ವಾಪಸ್ ಕೊಡೋದು. ಇನ್ನು ಮುಲಾಮು, ಅಂದರೆ ಚಿನ್ನದ ಲೇಪ, ಲೋಹಕ್ಕೆ; ಮರಕ್ಕೆ ರೇಕು, ಅಂದರೆ ತೆಳ್ಳನೆಯ ಹಾಳೆ. ಸೀಮೆಸುಣ್ಣದ ಪುಡಿಯನ್ನು ಅಂಟಲ್ಲಿ ಕಲಸಿ ಬಳಿದು, ಮೇಲೆ ಕೆಂಪು ಜೇಡಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ಅಗೇಟ್ ಕಲ್ಲಿನಿಂದ ಉಜ್ಜುತ್ತಾರೆ. ನೀವು ತುಕ್ಕು ಅಂದಿದ್ದು ತುಕ್ಕಲ್ಲ ಮೇಡಂ. ರೇಕು ಸವೆದು ಜೇಡಿ ಇಣುಕುತ್ತಿದೆ. ನಮ್ಮ ಮೈಸೂರು ಚಿತ್ರಗಳಲ್ಲೂ ಮಕ್ಕು ಅನ್ನೋ ಅಂಟಿನ ಲೇಪವನ್ನು ಉಬ್ಬಾಗಿ ಎಬ್ಬಿಸಿ ರೇಕನ್ನೇ ಅಂಟಿಸೋದು. ಮುಲಾಮು ಅಂತ ಬರೆದರೆ ಜನ ಮಂಡಿನೋವಿಗೆ ಹಚ್ಚೋದು ಅಂದ್ಕೊಳ್ತಾರೆ.

ಮರು: ಮರು:
ಹೊಂಗಟ್ಟುಗನ್ನಡಿ. ಹೊನ್, ಕಟ್ಟು, ಕನ್ನಡಿ. ಮುಗೀತು. ಕನ್ನಡಿಯೊಳಗೆ ‘ಕಣ್’ ಕೂತಿದೆ, ತಮಿಳಿನ ಕಣ್ಣಾಡಿ ನೋಡಿ. ಇಂಥ ಮನೆಮಗಳಿಗೆ ಮುಲಾಮು ಅನ್ನೋ ಅರಬ್ಬಿ ಒಡವೆ ಯಾಕೆ?

ಮರು: ಮರು: ಮರು:
ಹೊಂಗೆ ಸೊಪ್ಪಿನ ಕಟ್ಟು ಅಂತ ಓದಿಕೊಂಡೆ. ಮೇಷ್ಟ್ರೇ, ಕುರ್ಚಿಯೂ ಅರಬ್ಬಿಯಿಂದಲೇ ಬಂದದ್ದು. ಎದ್ದು ನಿಂತು ಟೈಪ್ ಮಾಡ್ತಿದೀರಾ?

> ಎದ್ದು ನಿಂತು ಟೈಪ್ ಮಾಡ್ತಿದೀರಾ?
ಬೇರೂರಿದ ಪದ ಬೇರೆ, ಸೋಮಾರಿತನದಿಂದ ತಂದಿದ್ದು ಬೇರೆ. ಈ ವ್ಯತ್ಯಾಸ ತಿಳಿಯದವರ ಜೊತೆ ಮಾತಿಲ್ಲ.

ಮುಲಾಮು ಯಾವಾಗ ಬೇರು ಕಿತ್ತುಕೊಂಡಿತು ಸಾರ್? ನಮ್ಮಜ್ಜಿ ಬಳೆಗೆ ಹಾಕಿಸ್ತಿದ್ದರು, ಸೋಮಾರಿಯಂತೂ ಆಗಿರಲಿಲ್ಲ.

ಮರು: ಮೂಲ ಪ್ರಶ್ನೆ
‘ಚಿನ್ನದ ರೇಕಿನ ಗೋಡೆಗನ್ನಡಿ’ ಅಂತ ಹಾಕ್ತಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ ಟ್ರೂಮೋ. ಸಾಲಿಗೆ ಸರಿಯಾಗಿ ಹಿಡಿಸಿತು. ತುಕ್ಕಿನ ಸಾಲು ಫಲಕದಲ್ಲೂ ಬರೆದುಬಿಟ್ಟಿದ್ದೆ, ಅದನ್ನೂ ತೆಗೆದೆ. ಥ್ಯಾಂಕ್ಸ್.

ಮರು: ಮರು: ಮೂಲ ಪ್ರಶ್ನೆ
ರೇಕು ತೆಲುಗಿನಲ್ಲೂ ಇದೆ. ಯಾರು ಯಾರಿಂದ ತಂದರು ಅಂತ ಹೊಸ ಎಳೆ ಶುರು ಮಾಡ್ತಿದ್ದೇನೆ.