ಬಾಲ ಊರಿದ ಜೆಟ್ ವಿಮಾನ

"ಇಗೋ, ಹಾರಲು ಸನ್ನದ್ಧವಾಗಿ ನಿಂತಿದೆ" ಎನ್ನುತ್ತ ನಮ್ಮ ಕಲಾವಿದ ಮಿತ್ರರು ಎರಡನೇ ಮಹಾಯುದ್ಧದ ಜರ್ಮನ್ ಜೆಟ್ ಯುದ್ಧವಿಮಾನ ಮೆಸರ್‌ಸ್ಮಿಟ್ 262ರ ಪ್ಲಾಸ್ಟಿಕ್ ಮಾದರಿಯನ್ನು ಮೇಜಿನ ಮೇಲಿಟ್ಟು ಕೈ ತೆಗೆದರು. ತೆಗೆದದ್ದೇ ತಡ, ಮುಂಗಾಲು ಮೇಲೆದ್ದು ಬಾಲ ಮೇಜಿಗೆ ಊರಿತು.

"ನಿಂತಿರುವುದು ಮೂಗು ಮಾತ್ರ, ಉಳಿದದ್ದೆಲ್ಲ ಕುಳಿತಿದೆ" ಎಂದರು ಸಂಶಯಾತ್ಮರು.

ನಿಜವಾದ ವಿಮಾನದ ಮೂಗಿನಲ್ಲಿ 30 ಮಿ.ಮೀ. ವ್ಯಾಸದ ನಾಲ್ಕು ಫಿರಂಗಿಗಳೂ ಅವುಗಳ ಗುಂಡುಗಳೂ ತುಂಬಿದ್ದವು; ಬಿಡಿಭಾಗಗಳನ್ನು ಜೋಡಿಸಿ ಮಾಡುವ ಕಿಟ್ಟಿನ ಮೂಗು ಮಾತ್ರ ಟೊಳ್ಳು. ಆದ್ದರಿಂದ ಒಡಲಿನ ಎರಡು ಹೋಳುಗಳನ್ನು ಅಂಟಿಸುವುದಕ್ಕೆ ಮೊದಲೇ ಅದರೊಳಗೆ ಸೀಸದ ಗುಂಡುಗಳನ್ನು ತುಂಬಬೇಕು. ಜಾಗ ಸಾಲದಿದ್ದರೆ, ಎಂಜಿನ್ ಗೂಡುಗಳು ಹಿಂಗಾಲುಗಳಿಗಿಂತ ಮುಂದಕ್ಕೆ ಚಾಚಿರುವುದರಿಂದ, ಅವುಗಳ ಮುಂಭಾಗದಲ್ಲೂ ಸ್ವಲ್ಪ ಅಡಗಿಸಬಹುದು. ಇದನ್ನು ನಾನು ವಿವರಿಸುತ್ತಿದ್ದಂತೆ ಕಲಾವಿದರು ಕೈಯೆತ್ತಿ ತಡೆದರು. ತಮ್ಮ ಲೋಪಕ್ಕೆಲ್ಲ ಚರಿತ್ರೆಯಿಂದ ಸಾಕ್ಷಿ ಕರೆತರುವುದು ಅವರ ಹಳೆಯ ಪದ್ಧತಿ.

"1942ರ ಜುಲೈ 18ರಂದು ಜರ್ಮನಿಯ ಲೈಪ್‌ಹೈಮ್‌ನಲ್ಲಿ ಪರೀಕ್ಷಾ ಚಾಲಕ ಫ್ರಿಟ್ಸ್ ವೆಂಡೆಲ್ ಇದನ್ನು ಮೊದಲ ಬಾರಿಗೆ ಕೇವಲ ಜೆಟ್ ಎಂಜಿನ್‌ಗಳ ಬಲದಿಂದ ಹಾರಿಸಿದಾಗ, ಮೂಲರೂಪಕ್ಕೆ ಮೂಗಿನ ಚಕ್ರವೇ ಇರಲಿಲ್ಲ, ಅದು ಬಾಲ ಊರಿಯೇ ಓಡುತ್ತಿತ್ತು. ಆ ಭಂಗಿಯಲ್ಲಿ ಬಾಲದ ರೆಕ್ಕೆಗೆ ಸರಿಯಾಗಿ ಗಾಳಿ ತಾಕದೆ, ಗಂಟೆಗೆ ಸುಮಾರು 180 ಕಿ.ಮೀ. ವೇಗ ಬಂದಾಗ ಆತ ಬ್ರೇಕನ್ನು ಒಮ್ಮೆ ಮೃದುವಾಗಿ ಒತ್ತಿ ಬಾಲವನ್ನು ಮೇಲೆತ್ತಬೇಕಾಯಿತು."

"ಹಾಗಾದರೆ ತಮ್ಮ ಮಾದರಿಗೆ ಮೂಗಿನ ಚಕ್ರವನ್ನು ಏಕೆ ಅಂಟಿಸಿದ್ದೀರಿ?"

"ಅದು ಕಿಟ್ಟಿನಲ್ಲಿತ್ತು."

ಸಂಶಯಾತ್ಮರು ಕನ್ನಡಕವನ್ನು ಹಣೆಗೇರಿಸಿ ಒಡಲಿನ ಕೀಲುಗಳ ಕಡೆಗೆ ಬಗ್ಗಿದರು. ಮರಳುಕಾಗದ ಕಾಣದ ಪುಟ್ಟಿ ಅಲ್ಲಲ್ಲಿ ಉಬ್ಬಿ ನಿಂತಿತ್ತು. "1:72 ಅಳತೆಯಲ್ಲಿ ಒಂದು ಮಿಲಿಮೀಟರ್ ಉಬ್ಬು ಎಂದರೆ ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕಿದ ದಿಬ್ಬ, ಅದನ್ನು ಏರಲು ಚಾಲಕನಿಗೆ ಮೆಟ್ಟಿಲು ಬೇಕಾಗಿರಲಿಲ್ಲ" ಎಂದರು.

ಕಲಾವಿದರು ಅರಳಿದರು. ಇಲ್ಲಿ ಚರಿತ್ರೆ ನಿಜಕ್ಕೂ ಅವರ ಪಕ್ಷದಲ್ಲಿತ್ತು ಎಂಬುದನ್ನು ನಾನೂ ಒಪ್ಪಬೇಕು: ಈ ವಿಮಾನ ತಯಾರಾಗುತ್ತಿದ್ದ ಕಾರ್ಖಾನೆಗಳಲ್ಲಿ ಲೋಹದ ಹಾಳೆಗಳ ಸಂದುಗಳಿಗೆ ಪುಟ್ಟಿ ಮೆತ್ತಿಯೇ ಬಣ್ಣ ಬಳಿಯುತ್ತಿದ್ದರು. ಆದರೆ ಅವರು ಮೆತ್ತಿದ್ದು ಒಡಲು ನುಣುಪಾಗಲೆಂದು. ನಮ್ಮವರು ಮೆತ್ತಿದ ಮೇಲೆ ನುಣುಪು ಇದ್ದಲ್ಲೂ ಹೋಗಿತ್ತು.

"ಮಾದರಿ ಮುಗಿಸಲು ಇಷ್ಟು ಕಾಲ ಹಿಡಿದದ್ದಕ್ಕೂ ಚರಿತ್ರೆಯಲ್ಲಿ ಆಧಾರವಿದೆಯೇ?" ಎಂದರು ಸಂಶಯಾತ್ಮರು. " ಇದರ ಯುಂಕರ್ಸ್ ಎಂಜಿನ್ ಹೆಚ್ಚೆಂದರೆ 25 ಗಂಟೆ ಬಾಳುತ್ತಿತ್ತಂತೆ. ತಾವು ಎಡ ಎಂಜಿನ್ನನ್ನು ಅಂಟಿಸುವಷ್ಟರಲ್ಲಿ ಬಲದ್ದರ ಆಯುಷ್ಯ ಮುಗಿದಿರಬೇಕು."

"ಉತ್ತಮ ಮಿಶ್ರಲೋಹಗಳ ಕೊರತೆಯಿಂದ ಆ ಗತಿ ಬಂತು. ನನ್ನದು ಪಾಲಿಸ್ಟೈರೀನ್ ಪ್ಲಾಸ್ಟಿಕ್, ಅದಕ್ಕೆ ಅಂಥ ಚಿಂತೆಯಿಲ್ಲ."

ಬಣ್ಣದ ಚರ್ಚೆಯನ್ನು ನಾನೇ ಬೇಗ ಮುಗಿಸಿದೆ. ಹಸಿರಿನ ಛಾಯೆಗಳ ಬಗ್ಗೆ ಕಪ್ಪು-ಬಿಳುಪು ಚಿತ್ರಗಳನ್ನು ಮುಂದಿಟ್ಟುಕೊಂಡು ಜಗಳವಾಡುವವರ ನಡುವೆ ಕುಳಿತವನಿಗೆ ಊಟದ ಹೊತ್ತು ತಪ್ಪುವುದು ಖಚಿತ.

ಕೊನೆಗೆ ಸಂಶಯಾತ್ಮರ ಬೆರಳು ಚಾಲಕನ ಗಾಜಿನ ಮೇಲೆ ನಿಂತಿತು. ಸೂಪರ್ ಗ್ಲೂ ಬಳಸಿದರೆ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ; ಬಲ್ಲವರು ಅಲ್ಲಿಗೆ ಬಿಳಿ ಅಂಟನ್ನೇ ಹಚ್ಚುತ್ತಾರೆ. ನಮ್ಮವರ ಗಾಜಿನ ಮೇಲೂ ಆ ಪೊರೆ ಕೂತು, ಒಳಗೆ ಚಾಲಕನಿದ್ದಾನೋ ಇಲ್ಲವೋ ಎಂಬುದೂ ತಿಳಿಯುತ್ತಿರಲಿಲ್ಲ.

ಕಲಾವಿದರು ತುಸು ಯೋಚಿಸಿ, "ಹತ್ತು ಸಾವಿರ ಮೀಟರ್ ಎತ್ತರದ ಚಳಿಗೆ ಗಾಜಿನ ಮೇಲೆ ಹಿಮ ಕಟ್ಟಿರುವ ದೃಶ್ಯ ಇದು" ಎಂದು ಘೋಷಿಸಿದರು.

"ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಈತ ಚಕ್ರಗಳನ್ನು ಏಕೆ ಇಳಿಸಿದ್ದಾನೆ?"

"ಗಾಜಿನ ಮೇಲೆ ಹಿಮ ಕಟ್ಟಿದೆಯೆಂದು ಈಗ ತಾನೇ ಹೇಳಿದೆನಲ್ಲ! ನೆಲ ಎಲ್ಲಿದೆಯೆಂದು ಅವನಿಗೆ ಹೇಗೆ ಕಾಣಬೇಕು?"