‘ಸಿಂಟರಿಂಗ್’: ಸುಡುವುದೋ, ಬೇಯಿಸುವುದೋ?

ಮಾನ್ಯರೇ,

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಫೆರೈಟ್ ಅಯಸ್ಕಾಂತಗಳ ತಯಾರಿಕೆಯನ್ನು ಕುರಿತು ಕನ್ನಡದಲ್ಲಿ ಒಂದು ಪಾಠವನ್ನು ಸಿದ್ಧಪಡಿಸುತ್ತಿದ್ದೇನೆ. ಧ್ವನಿವರ್ಧಕದ ಹಿಂಬದಿಯಲ್ಲಿ ಬಳೆಯಂತೆ ಕೂತಿರುವ, ಕೆಳಗೆ ಬಿದ್ದರೆ ಮಡಕೆಯಂತೆ ಚೂರಾಗುವ ಕಪ್ಪು ಅಯಸ್ಕಾಂತವೇ ಇದು. ಇದನ್ನು ‘ಪಿಂಗಾಣಿ ಅಯಸ್ಕಾಂತ’ ಎಂದರೆ ಓದುವವರ ಕಣ್ಣಮುಂದೆ ಬಿಳಿಯ ಬಟ್ಟಲು ಬಂದು ನಿಲ್ಲುತ್ತದೆಯಾದ್ದರಿಂದ ‘ಫೆರೈಟ್’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. (ನಮ್ಮ ಹಳೆಯ ‘ಸೂಜಿಗಲ್ಲು’ ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ, ಇದು ಲೋಹವಲ್ಲ, ನಿಜಕ್ಕೂ ಒಂದು ಬಗೆಯ ಕಲ್ಲು.) ಆದರೆ ‘ಸಿಂಟರಿಂಗ್’ (ಒತ್ತಿದ ಪುಡಿಯನ್ನು ಕರಗಿಸದೆ ಕಾಯಿಸಿ ಗಟ್ಟಿ ಮಾಡುವುದು) ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ತೋಚದೆ ಬರವಣಿಗೆ ನಿಂತಿದೆ.

ತೊಡಕು ಏನೆಂದರೆ, ಈ ವಸ್ತು ಎರಡು ಸಲ ಬೆಂಕಿ ಕಾಣುತ್ತದೆ. ಕಬ್ಬಿಣದ ಆಕ್ಸೈಡಿಗೆ ಸ್ಟ್ರಾನ್ಷಿಯಂ ಕಾರ್ಬೊನೇಟನ್ನು ಬೆರೆಸಿ 1200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಒಂದು ಸ್ಟ್ರಾನ್ಷಿಯಂ ಪರಮಾಣುವಿಗೆ 12 ಕಬ್ಬಿಣದ ಪರಮಾಣುಗಳಿರುವ ಫೆರೈಟ್ ಹುಟ್ಟುತ್ತದೆ. ಅದನ್ನು ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರಕ್ಕೆ ಅರೆದು, ನೀರಿನಲ್ಲಿ ಕಲಸಿ, ಹರಳುಗಳೆಲ್ಲ ಒಂದೇ ದಿಕ್ಕಿಗೆ ತಿರುಗುವಂತೆ ಕಾಂತಕ್ಷೇತ್ರದೊಳಗೆ ಒತ್ತಿ ಅಚ್ಚು ಹಾಕುತ್ತಾರೆ. ಆ ಹಸಿ ಬಿಲ್ಲೆಯನ್ನು ಮತ್ತೆ ಒಲೆಗೆ ಹಾಕುವುದೇ ಸಿಂಟರಿಂಗ್. ಎರಡೂ ಸಲ ಶಾಖ ಹೆಚ್ಚುಕಡಿಮೆ ಅಷ್ಟೇ, ಆಗುವ ಕೆಲಸ ಮಾತ್ರ ಬೇರೆ. ಎರಡಕ್ಕೂ ‘ಸುಡುವಿಕೆ’ ಎಂದು ಬರೆದರೆ ವಿದ್ಯಾರ್ಥಿಗೆ ಆ ಬೇರೆತನವೇ ಕಾಣುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಕನ್ನಡವು ಈ ಭೇದವನ್ನು ಮೊದಲೇ ಮಾಡಿಟ್ಟಿದೆ. ನಾವು ಸುಣ್ಣವನ್ನು ‘ಸುಡುತ್ತೇವೆ’. ಅಲ್ಲಿ ಕಲ್ಲಿನ ಗುಣವೇ ಬದಲಾಗುತ್ತದೆ, ಹೊರಹೋಗುವುದೂ ಇದೇ ಅನಿಲ. ಆದ್ದರಿಂದ ಮೊದಲನೆಯ ಬೆಂಕಿಗೆ ‘ಸುಡು’ ಎಂಬುದು ಹೇಳಿ ಮಾಡಿಸಿದಂತಿದೆ. ಇಟ್ಟಿಗೆಯನ್ನು ಸುಡುತ್ತೇವೆಂಬುದು ನಿಜವಾದರೂ, ಗೂಡಿನಿಂದ ತೆಗೆದ ಮೇಲೆ ಅದು ‘ಚೆನ್ನಾಗಿ ಬೆಂದಿದೆ’ ಅಥವಾ ‘ಸರಿಯಾಗಿ ಬೆಂದಿಲ್ಲ’ ಎನ್ನುತ್ತೇವೆ. ಸಿಂಟರಿಂಗ್‌ನಲ್ಲಿ ನಡೆಯುವುದು ಈ ಬೇಯುವಿಕೆಯೇ: ಪುಡಿ ಕರಗುವುದಿಲ್ಲ, ಕಣಗಳು ಒಂದನ್ನೊಂದು ಮುಟ್ಟಿರುವಲ್ಲಿ ಪರಮಾಣುಗಳು ಸರಿದು ಬಂದು ಕಣಗಳು ಕೂಡಿಕೊಳ್ಳುತ್ತವೆ, ನಡುವಿನ ತೂತುಗಳು ಮುಚ್ಚುತ್ತವೆ, ಬಿಲ್ಲೆಯ ಅಳತೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ. ಅನ್ನ ಬೆಂದರೆ ಮೆತ್ತಗಾಗುತ್ತದೆ, ಇಟ್ಟಿಗೆ ಬೆಂದರೆ ಗಟ್ಟಿಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ಒಂದೇ ಕ್ರಿಯಾಪದವು ಎರಡನ್ನೂ ಹೊತ್ತು ನಡೆದಿರುವಾಗ ಮೂರನೆಯದನ್ನೂ ಹೊರಲಾರದೆಂದು ನನಗೆ ಅನ್ನಿಸುವುದಿಲ್ಲ.

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಬೆಸುಗೆ’ ಎಂದರೆ ಲೋಹ ಕರಗಿಸಿ ಅಂಟಿಸುವುದು ನೆನಪಾಗುತ್ತದೆ. ‘ಪುಟ’ ಚಿನ್ನದ ಕಲ್ಮಷ ಕಳೆಯುವ ಮಾತು. ಇಲ್ಲಿ ಯಾವ ಕಲ್ಮಷವನ್ನೂ ಕಳೆಯುತ್ತಿಲ್ಲ. ವ್ಯುತ್ಪತ್ತಿಯನ್ನೇ ಹಿಡಿದು ಹೋದರೆ ಜರ್ಮನ್ನಿನ ‘ಸಿಂಟರ್’ ನಮ್ಮ ‘ಕಿಟ್ಟ’ಕ್ಕೆ ಹತ್ತಿರದ್ದು, ಇಂಗ್ಲಿಷಿನ ‘ಸಿಂಡರ್’ ಅದರ ದಾಯಾದಿ. ಆದರೆ ‘ಕಿಟ್ಟಗಟ್ಟುವಿಕೆ’ ಎಂದು ಬರೆದರೆ ಕೆಲಸ ಕೆಟ್ಟಿತೆಂದೇ ಓದುಗರು ತಿಳಿದಾರು. ಬಳ್ಳಾರಿ ಸೀಮೆಯಲ್ಲಿ ‘ಸಿಂಟರ್ ಪ್ಲಾಂಟ್’ ಎಂಬುದು ಆಗಲೇ ಬಳಕೆಯ ಮಾತಾಗಿರುವುದರಿಂದ ಮೂಲಪದವನ್ನೇ ಇಟ್ಟುಕೊಳ್ಳೋಣವೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನನ್ನ ಹಿಂಜರಿಕೆಗೆ ಕಾರಣವಿದೆ: ಉಕ್ಕಿನ ಕಾರ್ಖಾನೆಯಲ್ಲಿ ಅದಿರಿನ ಪುಡಿಯನ್ನು ಕೋಕ್ ಮತ್ತು ಸುಣ್ಣಕಲ್ಲಿನೊಡನೆ ಉರಿಸಿ, ಊದುಕುಲುಮೆಯ ಗಾಳಿ ನುಸುಳುವಂತೆ ತೂತುತೂತಾದ ಹೆಂಟೆಗಳನ್ನು ಮಾಡುತ್ತಾರೆ, ಅಯಸ್ಕಾಂತದಲ್ಲಾದರೋ ತೂತು ಉಳಿದಷ್ಟೂ ಕಾಂತಬಲ ನಷ್ಟ.

ಎರಡನೆಯ ಪ್ರಶ್ನೆ, ಅರೆಯುವಾಗ ಸೇರಿಸುವ ವಸ್ತುಗಳ ಹೆಸರು. ಶಾಖ ಹೆಚ್ಚಿಸಿದರೆ ತೂತುಗಳು ಮುಚ್ಚುತ್ತವೆ ನಿಜ, ಆದರೆ ಹರಳುಗಳೂ ಒಂದನ್ನೊಂದು ನುಂಗಿ ದೊಡ್ಡವಾಗುತ್ತವೆ. ಸುಮಾರು 1 ಮೈಕ್ರಾನನ್ನು ಮೀರಿ ಬೆಳೆದ ಹರಳು ತನ್ನ ಕಾಂತದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಇದನ್ನು ತಡೆಯಲು ಸಿಲಿಕಾವನ್ನೂ ಕ್ಯಾಲ್ಸಿಯಂ ಕಾರ್ಬೊನೇಟನ್ನೂ ಸಾಮಾನ್ಯವಾಗಿ ಶೇಕಡ 1ರ ಆಸುಪಾಸಿನಷ್ಟು ಹಾಕುತ್ತಾರೆ. ಕ್ಯಾಲ್ಸಿಯಂ ಬಿಲ್ಲೆಯನ್ನು ಬೇಗ ಗಟ್ಟಿಯಾಗಿಸುತ್ತದೆ, ಸಿಲಿಕಾ ಹರಳುಗಳ ನಡುವೆ ಗಾಜಿನಂಥ ಪದರವಾಗಿ ನಿಂತು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಹೊಲಗಳ ನಡುವಿನ ಬದುವಿನ ಹಾಗೆ. ಅದಕ್ಕಾಗಿಯೇ ಹರಳುಗಳ ಗಡಿಗೆ ‘ಹರಳುಬದು’ ಎಂಬ ಪದವನ್ನು ಪಾಠದಲ್ಲಿ ಬಳಸಿದ್ದೇನೆ. ಬದು ಅಗಲವಾದರೆ ಬೆಳೆಗೆ ಜಾಗ ಕಡಿಮೆಯಾಗುವಂತೆ, ಸಿಲಿಕಾ ಹೆಚ್ಚಾದರೆ ಕಾಂತವಸ್ತುವಿನ ಪಾಲು ಕುಗ್ಗುತ್ತದೆ. ಇಂಥ ಸಾಮಗ್ರಿಯನ್ನು ‘ಬೆರಕೆ’ ಎಂದರೆ ಕಲಬೆರಕೆಯ ವಾಸನೆ ಹೊಡೆಯುತ್ತದೆ, ‘ಸಂಕಲನೀಯ’ವೆಂದರೆ ನಾಲಿಗೆ ತಡವರಿಸುತ್ತದೆ. ಹದವನ್ನು ಕಾಯುವುದೇ ಇವುಗಳ ಕೆಲಸವಾದ್ದರಿಂದ ‘ಹದಸೇರಿಕೆ’ ಎಂದು ಬರೆದಿದ್ದೇನೆ.

ಅಲ್ಯೂಮಿನಿಯಂ ಬಂದಾಗ ಮಾತ್ರ ಈ ಪದವೂ ಅಲುಗಾಡುತ್ತದೆ. ಅದು ಬದುವಿನಲ್ಲಷ್ಟೇ ನಿಲ್ಲದೆ ಹರಳಿನೊಳಗೆ ನುಗ್ಗಿ ಕಬ್ಬಿಣದ ಜಾಗವನ್ನೇ ಹಿಡಿಯುತ್ತದೆ. ಎದುರು ಕ್ಷೇತ್ರಕ್ಕೆ ಮಣಿಯದ ಗುಣ ಹೆಚ್ಚುತ್ತದೆ, ಒಟ್ಟು ಕಾಂತತೆ ಇಳಿಯುತ್ತದೆ. ಲ್ಯಾಂಥನಂ ಮತ್ತು ಕೋಬಾಲ್ಟ್‌ಗಳನ್ನು ಜೊತೆಯಾಗಿ ಹಾಕುವುದೂ ಒಳಗಿನ ಬದಲಾವಣೆಯೇ, ಆದರೆ ಅಲ್ಲಿ ಮಣಿಯದ ಗುಣವು ಇಂಥ ನಷ್ಟವಿಲ್ಲದೆ ಹೆಚ್ಚುತ್ತದೆ. ಇವೆರಡಕ್ಕೂ ‘ಬದಲಿ’ ಎನ್ನುವುದು ಸರಿಯಾದೀತೇ? ಮಣಿಯದ ಆ ಗುಣಕ್ಕೆ ‘ಕಾಂತಪಟ್ಟು’ ಎಂದೂ, ಕ್ಷೇತ್ರ ತೆಗೆದ ಮೇಲೆ ಉಳಿಯುವುದಕ್ಕೆ ‘ಉಳಿಕೆ ಕಾಂತತೆ’ ಎಂದೂ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಮೊದಲನೆಯದು ಪರೀಕ್ಷೆಯ ಉತ್ತರಪತ್ರಿಕೆಗೆ ತುಸು ಸಲಿಗೆಯ ಮಾತಾಯಿತೆಂದು ಯಾರಾದರೂ ಹೇಳಿದರೆ ಅಚ್ಚರಿಪಡುವುದಿಲ್ಲ.

ಕಡೆಯದಾಗಿ, ಕುಂಬಾರಿಕೆಯ ಅಥವಾ ಇಟ್ಟಿಗೆ ಗೂಡಿನ ಒಡನಾಟವಿರುವ ಸದಸ್ಯರಲ್ಲಿ ಒಂದು ವಿನಂತಿ. ಹದ ಮೀರಿ ಬೆಂದು, ಕರಗಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಗೆ ನಿಮ್ಮ ಕಡೆ ಏನೆನ್ನುತ್ತಾರೆ? ಹರಳುಗಳು ಮಿತಿಮೀರಿ ಬೆಳೆದು ಕೆಟ್ಟ ಅಯಸ್ಕಾಂತವನ್ನು ಹೆಸರಿಸಲು ಪಾಠದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.