ಮನೆಯ ರದ್ದಿ ಸಾಮಾನಿನಿಂದ ಗೋಡೆಗೆ ಕಲಾಕೃತಿ: ಶಾಲೆಯ ಕರಕುಶಲ ಕೆಲಸದಂತೆ ಕಾಣದಿರಲು ಏನು ಮಾಡಬೇಕು?

ಖಾಲಿಗೋಡೆ (ಪ್ರಶ್ನೆ):

ನಮ್ಮ ಮನೆಯಲ್ಲಿ ಸೋಫಾದ ಹಿಂದಿನ ಗೋಡೆ ಬಹಳ ಕಾಲದಿಂದ ಖಾಲಿಯಾಗಿಯೇ ಉಳಿದಿದೆ. ಅಲ್ಲಿಗೊಂದು ಚಿತ್ರ ಕೊಂಡು ತರಲು ಸದ್ಯಕ್ಕೆ ಹಣ ತೆಗೆದಿಡುವ ಸ್ಥಿತಿಯಿಲ್ಲ. ಆದರೆ ರದ್ದಿಗೆ ಹೋಗಬೇಕಾದ ಸಾಮಾನು ಮಾತ್ರ ಮನೆಯಲ್ಲಿ ಧಾರಾಳವಾಗಿದೆ: ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಗಳು, ಟಿಶ್ಯೂ ರೋಲಿನ ಕೊಳವೆಗಳು, ಹಳೆಯ ಮಾಸಪತ್ರಿಕೆಗಳು, ತೊಡಲಾಗದಷ್ಟು ಸವೆದ ಹತ್ತಿ ಅಂಗಿಗಳು, ಡಬ್ಬಿಯ ಮುಚ್ಚಳಗಳು, ಜೋಡಿ ತಪ್ಪಿದ ಗುಂಡಿಗಳು. ಕತ್ತರಿ, ಕಟ್ಟರ್, ಬಿಳಿ ಅಂಟು, ಸೂಜಿದಾರ ಹಾಗೂ ಗೋಡೆಗೆ ಬಳಿದು ಮಿಕ್ಕ ಸ್ವಲ್ಪ ಎಮಲ್ಷನ್ ಬಣ್ಣವೂ ಇದೆ. ಹೊಸದಾಗಿ ಏನನ್ನೂ ಕೊಳ್ಳದೆ ಇಷ್ಟರಲ್ಲಿಯೇ ಏನಾದರೂ ಮಾಡಬೇಕೆಂಬ ಆಸೆ.

ಇಂಥ ಕೆಲಸಗಳ ವಿಡಿಯೊಗಳನ್ನು ನೋಡುವಾಗ ಚೆಂದವೆನಿಸುವ ಹಲವು ಕೃತಿಗಳು ನಿಜವಾದ ಗೋಡೆಯ ಮೇಲೆ ಶಾಲೆಯ ಪ್ರದರ್ಶನಕ್ಕೆ ಮಾಡಿದವುಗಳಂತೆ ಕಾಣುತ್ತವೆ. ಮಕ್ಕಳ ಕೆಲಸವನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಆದರೆ ದಿನವೂ ಕಣ್ಣಿಗೆ ಬೀಳುವ ಗೋಡೆಯ ಮೇಲೆ ದೊಡ್ಡವರೂ ಒಂದು ಕ್ಷಣ ನಿಂತು ನೋಡುವಂಥದ್ದು ಇರಬೇಕೆಂದು ನನಗನ್ನಿಸುತ್ತದೆ. ಇನ್ನೊಂದು ಆತಂಕವೆಂದರೆ, ರಟ್ಟು ಮತ್ತು ಕಾಗದದಿಂದ ಮಾಡಿದವು ಕೆಲವೇ ತಿಂಗಳಲ್ಲಿ ಸೊಟ್ಟಗಾಗಿ, ಹಳದಿಗಟ್ಟಿ, ಅಂಟು ಬಿಡುತ್ತವೆ ಎಂದು ಕೇಳಿದ್ದೇನೆ. ಈ ಎರಡಕ್ಕೂ ಪರಿಹಾರವಿದ್ದರೆ, ಮಾಡಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಕತ್ತರಿಕೆಲಸ:

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಒಂದು ಕೃತಿಗೆ ಒಂದೇ ವಸ್ತುವನ್ನು ಆರಿಸಿಕೊಳ್ಳಿ, ಅದನ್ನು ಸಾಕಷ್ಟು ಸಂಖ್ಯೆಯಲ್ಲಿ ಬಳಸಿ, ಬಣ್ಣವನ್ನೂ ಒಂದಕ್ಕೇ ಸೀಮಿತಗೊಳಿಸಿ. ಗುಂಡಿ, ಮುಚ್ಚಳ, ಉಣ್ಣೆದಾರ, ಮಿನುಗುಪುಡಿ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಸೇರಿಸಿದಾಗ ನೋಡುವವರ ಕಣ್ಣು ಪ್ರತಿಯೊಂದು ವಸ್ತುವನ್ನೂ ಬೇರೆಬೇರೆಯಾಗಿ ಗುರುತಿಸುತ್ತ ಹೋಗುತ್ತದೆ, ಒಟ್ಟು ರಚನೆ ಕಾಣುವುದೇ ಇಲ್ಲ. ಒಂದೇ ಆಕಾರ ಹತ್ತಾರು ಬಾರಿ ಮರುಕಳಿಸಿದಾಗ ಅದು ಯಾವ ವಸ್ತು ಎಂಬುದು ಹಿಂದೆ ಸರಿದು, ನೆರಳು-ಬೆಳಕಿನ ಲಯ ಮುಂದೆ ಬರುತ್ತದೆ. ಅಮೆರಿಕದ ಶಿಲ್ಪಿ ಲೂಯಿಸ್ ನೆವೆಲ್ಸನ್ ಅವರು 1950ರ ದಶಕದಲ್ಲಿ ಜನ ಬಿಸಾಡಿದ ಮರದ ತುಂಡುಗಳನ್ನು, ಅಂದರೆ ಕುರ್ಚಿಯ ಕಾಲು, ಮೆಟ್ಟಿಲಿನ ಕಟಕಟೆಯ ಕಂಬ, ಪಟ್ಟಿ ಇತ್ಯಾದಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಗೋಡೆಯಷ್ಟು ದೊಡ್ಡ ಕೃತಿಗಳನ್ನು ಮಾಡಿದರು. ಅವುಗಳಿಗೆ ಆ ಗಾಂಭೀರ್ಯ ಬರುವುದಕ್ಕೆ ಮುಖ್ಯ ಕಾರಣ, ಇಡೀ ಕೃತಿಗೆ ಅವರು ಬಳಿದ ಒಂದೇ ಕಪ್ಪು ಬಣ್ಣ.

ನಿಮ್ಮಲ್ಲಿರುವ ಸಾಮಾನಿನ ಪೈಕಿ ಟಿಶ್ಯೂ ರೋಲಿನ ಕೊಳವೆಗಳಿಂದ ಪ್ರಾರಂಭಿಸಿ. ಕೊಳವೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ, ಅಳತೆಪಟ್ಟಿಯಿಟ್ಟು ಗೆರೆ ಎಳೆದು ಬಳೆಗಳಂತೆ ಕತ್ತರಿಸಿಕೊಳ್ಳಬೇಕು. ಎಲ್ಲವನ್ನೂ ಒಂದೇ ಅಗಲಕ್ಕೆ ಕತ್ತರಿಸದೆ ಕೆಲವನ್ನು 1 ಸೆಂಟಿಮೀಟರ್, ಕೆಲವನ್ನು 2, ಕೆಲವನ್ನು 3 ಸೆಂಟಿಮೀಟರಿಗೆ ಕತ್ತರಿಸಿದರೆ, ಜೋಡಿಸಿದ ಮೇಲೆ ಮೇಲ್ಮೈ ಏರಿಳಿಯುತ್ತದೆ ಮತ್ತು ಬೆಳಕು ಪಕ್ಕದಿಂದ ಬಿದ್ದಾಗ ಪ್ರತಿಯೊಂದು ಬಳೆಯೂ ಬೇರೆ ಉದ್ದದ ನೆರಳನ್ನು ಚೆಲ್ಲುತ್ತದೆ. ಐದು ಬಳೆಗಳ ಮೂತಿಗಳನ್ನು ಸೇರಿಸಿ ಹೂವು ಮಾಡುವುದು ಎಲ್ಲ ಕಡೆ ಕಾಣುವ ವಿನ್ಯಾಸ. ನನ್ನ ಮಾತು ಕೇಳುವುದಾದರೆ ಅದನ್ನು ಬಿಟ್ಟುಬಿಡಿ. ಅದರ ಬದಲು ರಟ್ಟಿನ ಹಲಗೆಯೊಂದಕ್ಕೆ ಸುತ್ತ ಅಂಚು ಕಟ್ಟಿ, ಅದರೊಳಗೆ ಕೆಲವು ಬಳೆಗಳನ್ನು ದುಂಡಗೆ, ಕೆಲವನ್ನು ಎಲೆಯಂತೆ ಒತ್ತಿ, ಅತ್ತಿತ್ತ ಸಂದಿಲ್ಲದ ಹಾಗೆ ನಿಲ್ಲಿಸಿ ತುಂಬಿಸುತ್ತ ಬನ್ನಿ. ಒಂದು ಮೂಲೆಯಲ್ಲಿ ಒತ್ತೊತ್ತಾಗಿಟ್ಟು, ಎದುರು ಮೂಲೆಗೆ ಹೋಗುತ್ತ ಸಡಿಲಗೊಳಿಸಿ, ಕೊನೆಯಲ್ಲಿ ಸ್ವಲ್ಪ ಜಾಗವನ್ನು ಖಾಲಿ ಬಿಟ್ಟರೆ ಇನ್ನೂ ಚೆನ್ನು. ಅಂಟು ಹಿಡಿಯುವವರೆಗೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿ ಬಿಡಿ.

ಬಣ್ಣದ ವಿಷಯದಲ್ಲಿ, ಗೋಡೆಗೆ ಬಳಿದು ಮಿಕ್ಕ ಬಣ್ಣವೇ ಇದಕ್ಕೆ ಅತ್ಯುತ್ತಮ. ಕೃತಿಯೂ ಗೋಡೆಯೂ ಒಂದೇ ಬಣ್ಣದ್ದಾದಾಗ ಕಾಣುವುದು ನೆರಳು ಮಾತ್ರ, ಮತ್ತು ಬೆಳಗಿನಿಂದ ಸಂಜೆಯವರೆಗೆ ಆ ನೆರಳು ತಾನಾಗಿಯೇ ಬದಲಾಗುತ್ತಿರುತ್ತದೆ. ರಟ್ಟು ಬಣ್ಣವನ್ನು ಬಹಳ ಹೀರುವುದರಿಂದ, ಮೊದಲು ಬಿಳಿ ಅಂಟಿಗೆ ಸಮಪ್ರಮಾಣದ ನೀರು ಬೆರೆಸಿ ತೆಳುವಾಗಿ ಒಂದು ಕೈ ಬಳಿದು, ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿ. ಆಗ ಕಡಿಮೆ ಬಣ್ಣವೇ ಸಾಕಾಗುತ್ತದೆ.

ಹಳೆರಟ್ಟು:

ಬಾಳಿಕೆಯ ಬಗ್ಗೆ ನಾನು ಬರೆಯುತ್ತೇನೆ. ಕಾಗದದ ಕೃತಿಗಳು ಬೇಗ ಕೆಡುವುದಕ್ಕೆ ತಿಳಿದ ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ತಡೆಯಲು ಖರ್ಚೇನೂ ಬೇಕಾಗುವುದಿಲ್ಲ.

ರಟ್ಟು ಸೊಟ್ಟಗಾಗುವುದು ಹೀಗೆ: ಒಂದು ಬದಿಗೆ ಮಾತ್ರ ಅಂಟು ಅಥವಾ ಬಣ್ಣ ಹಚ್ಚಿದಾಗ ಆ ಬದಿಯ ಕಾಗದ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಇಡೀ ಹಲಗೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದ್ದರಿಂದ ಮುಂಭಾಗಕ್ಕೆ ಕಾಗದ ಅಂಟಿಸಿದರೆ ಹಿಂಭಾಗಕ್ಕೂ ಅಷ್ಟೇ ದಪ್ಪದ ಕಾಗದವನ್ನು ಅದೇ ಅಂಟಿನಿಂದ ಅಂಟಿಸಬೇಕು. ಮುಂದೆ ಬಣ್ಣ ಬಳಿದರೆ ಹಿಂದೆಯೂ ಒಂದು ಕೈ ಬಳಿಯಬೇಕು. ಎರಡು ಕಡೆಯ ಎಳೆತ ಸಮವಾದಾಗ ಹಲಗೆ ನೇರವಾಗಿ ನಿಲ್ಲುತ್ತದೆ. ಪಾರ್ಸೆಲ್ ಪೆಟ್ಟಿಗೆಯ ರಟ್ಟಿನ ಅಂಚನ್ನು ಹತ್ತಿರದಿಂದ ನೋಡಿದರೆ, ಎರಡು ಹಾಳೆಗಳ ನಡುವೆ ಅಲೆ ಅಲೆಯಾಗಿ ಮಡಚಿದ ಮೂರನೆಯ ಹಾಳೆಯೊಂದು ಕಾಣುತ್ತದೆ. ಆ ಅಲೆಗಳ ಕೊಳವೆಯಂಥ ಸಾಲುಗಳು ಚಾಚಿರುವ ದಿಕ್ಕಿನಲ್ಲಿ ರಟ್ಟು ಗಟ್ಟಿ, ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ. ಹೀಗಾಗಿ ಎರಡು ಹಾಳೆಗಳನ್ನು ಒಂದರ ಅಲೆ ಉದ್ದಕ್ಕೆ, ಇನ್ನೊಂದರ ಅಲೆ ಅಡ್ಡಕ್ಕೆ ಬರುವಂತೆ ಅಂಟಿಸಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ದಿನ ಬಿಟ್ಟರೆ ಸಾಕಷ್ಟು ದೊಡ್ಡ ಕೃತಿಗೂ ಆಗುವಷ್ಟು ಗಟ್ಟಿಯಾದ ಹಲಗೆ ಸಿದ್ಧವಾಗುತ್ತದೆ.

ದಿನಪತ್ರಿಕೆಯ ಕಾಗದ ಹಳದಿಗಟ್ಟುವುದಕ್ಕೆ ಕಾರಣ ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ. ಅದು ಬೆಳಕು ಮತ್ತು ಗಾಳಿಗೆ ಒಡ್ಡಿಕೊಂಡಾಗ ಬಣ್ಣಗೆಡುತ್ತದೆ, ಇದನ್ನು ಮನೆಯಲ್ಲಿ ತಡೆಯಲಾಗುವುದಿಲ್ಲ. ಹೀಗಾಗಿ ದಿನಪತ್ರಿಕೆಯನ್ನು ಬಣ್ಣದ ಅಡಿಯಲ್ಲಿ, ಪೇಪರ್ ಮಾಶೆಯ (ನೆನೆಸಿದ ಕಾಗದವನ್ನು ಅಂಟಿನೊಡನೆ ಸೇರಿಸಿ ಆಕಾರ ಕೊಡುವ ವಿಧಾನ) ತಿರುಳಾಗಿ ಬಳಸಿ. ಮೇಲೆ ಕಾಣುವಲ್ಲಿ ಬಳಸುವುದಾದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆಂದು ಒಪ್ಪಿಕೊಂಡೇ ಬಳಸಿ. ಮಾಸಪತ್ರಿಕೆಯ ನುಣುಪು ಹಾಳೆಗಳಿಗೆ ಬೇರೆ ತೊಂದರೆಯಿದೆ. ಬಿಸಿಲು ಬೀಳುವ ಗೋಡೆಯ ಮೇಲೆ ಮುದ್ರಣದ ಕೆಂಪು ಮತ್ತು ಹಳದಿ ಶಾಯಿ ಮೊದಲು ಮಾಸಿ, ನೀಲಿ ಮತ್ತು ಕಪ್ಪು ಉಳಿದುಕೊಳ್ಳುತ್ತವೆ. ಹಳೆಯ ಭಿತ್ತಿಪತ್ರಗಳಲ್ಲಿ ಮನುಷ್ಯರ ಮುಖಗಳು ನೀಲಿಗಟ್ಟಿ ಕಾಣುವುದು ಇದೇ ಕಾರಣಕ್ಕೆ. ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸುವುದೇ ಇದಕ್ಕಿರುವ ಉಪಾಯ.

ಅಂಟು ಸಾಲದಿದ್ದರೆ ಒಂದು ಪಾಲು ಮೈದಾಹಿಟ್ಟಿಗೆ ಸುಮಾರು ಐದು ಪಾಲು ನೀರು ಹಾಕಿ, ಗಂಟಾಗದಂತೆ ಕಲಸಿ, ಹಿಟ್ಟಿನ ಬಿಳುಪು ಹೋಗಿ ಹೊಳಪು ಬರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ. ಕಾಗದಕ್ಕೆ ಕಾಗದ ಅಂಟಿಸಲು ಅದು ಧಾರಾಳವಾಗಿ ಸಾಕು. ಆದರೆ ಅದು ಕೆಲವೇ ದಿನಗಳಲ್ಲಿ ಹಳಸುತ್ತದೆ, ಜೊತೆಗೆ ಹಿಟ್ಟಿನ ಆಸೆಗೆ ಜಿರಲೆ ಮತ್ತು ಕಾಗದದ ಹುಳುಗಳು ಬರುತ್ತವೆ. ಕೃತಿ ಸಂಪೂರ್ಣ ಒಣಗಿದ ಮೇಲೆ ಎಲ್ಲ ಬದಿಗೂ ಬಿಳಿ ಅಂಟಿನ ತೆಳು ಲೇಪ ಕೊಡುವುದನ್ನು ಮರೆಯಬೇಡಿ.

ಇನ್ನೊಂದು ಎಚ್ಚರಿಕೆ: ಅಂಗಡಿಯ ಬಿಲ್ಲುಗಳನ್ನು ಕೊಲಾಜಿಗೆ, ಅಂದರೆ ಕಾಗದದ ತುಂಡುಗಳನ್ನು ಅಂಟಿಸಿ ಮಾಡುವ ಚಿತ್ರಕ್ಕೆ, ಬಳಸಬೇಡಿ. ಅವುಗಳಲ್ಲಿ ಹೆಚ್ಚಿನವು ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಲೇಪವಿರುವ ಥರ್ಮಲ್ ಕಾಗದ. ಅಕ್ಷರಗಳು ಬೇಗ ಅಳಿಸಿಹೋಗುತ್ತವೆ, ಆ ಲೇಪವನ್ನು ಬಹಳ ಹೊತ್ತು ಕೈಯಲ್ಲಿ ಆಡಿಸುವುದೂ ಒಳ್ಳೆಯದಲ್ಲ.

ಚಿಂದಿಚಿತ್ತಾರ:

ಕತ್ತರಿಕೆಲಸ ಅವರ ಸಲಹೆಯಲ್ಲಿ ಒಂದೇ ವಸ್ತು ಎಂಬ ಮಾತನ್ನು ಒಪ್ಪುತ್ತೇನೆ, ಎಲ್ಲಕ್ಕೂ ಬಣ್ಣ ಬಳಿಯಬೇಕೆಂಬುದನ್ನು ಒಪ್ಪಲಾರೆ. ಬಳಸಿದ ವಸ್ತುವಿಗೆ ಬಳಕೆಯಿಂದಲೇ ಬಂದ ಚೆಲುವೊಂದಿರುತ್ತದೆ, ಬಣ್ಣದ ಅಡಿಯಲ್ಲಿ ಅದು ಮುಚ್ಚಿಹೋಗುತ್ತದೆ. ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ 1919ರಿಂದ ಮಾಡತೊಡಗಿದ ಕೊಲಾಜುಗಳಲ್ಲಿ ಟ್ರಾಮ್ ಟಿಕೆಟ್, ಸಿಹಿತಿಂಡಿಯ ಹೊದಿಕೆ, ಹರಿದ ಲಕೋಟೆಗಳು ತಮ್ಮ ಅಕ್ಷರ, ಕಲೆ, ಮಡಿಕೆಗಳ ಸಮೇತ ಉಳಿದುಕೊಂಡಿವೆ. ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬಹುಕಾಲ ಕೆಲಸ ಮಾಡಿದ ಕಲಾವಿದ ಎಲ್ ಅನಾತ್ಸುಯಿ ಅವರು ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆದು, ಗೋಡೆಯ ಮೇಲೆ ನೆರಿಗೆ ನೆರಿಗೆಯಾಗಿ ಇಳಿಬೀಳುವ ದೊಡ್ಡ ಹಾಸುಗಳನ್ನು ಮಾಡಿದ್ದಾರೆ. ಅಲ್ಲಿ ಕಾಣುವ ಚಿನ್ನ, ಕೆಂಪು, ಕಪ್ಪು ಎಲ್ಲವೂ ಆ ಮುಚ್ಚಳಗಳ ಸ್ವಂತ ಬಣ್ಣಗಳೇ.

ಆದ್ದರಿಂದ ನೀವು ಹೇಳಿದ ಹತ್ತಿ ಅಂಗಿಗಳತ್ತ ಗಮನ ಕೊಡಿ. ಬಹುಕಾಲ ತೊಟ್ಟ ಅಂಗಿಯ ಜೇಬಿನ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಬಿಚ್ಚಿ ನೋಡಿ. ಸುತ್ತಲಿನ ಬಟ್ಟೆ ಒಗೆದೊಗೆದು ಮಾಸಿದ್ದರೆ, ಜೇಬಿನ ಅಡಿಯಲ್ಲಿದ್ದ ಭಾಗ ಮಾತ್ರ ಹೊಸತರಂತೆ ಗಾಢವಾಗಿ, ಹೊಲಿಗೆಯ ತೂತುಗಳ ಸಾಲೇ ಅಂಚಾಗಿ, ಯಾರೋ ಅಳೆದು ಬರೆದಷ್ಟು ಖಚಿತವಾಗಿ ಉಳಿದಿರುತ್ತದೆ. ಅದನ್ನು ನಡುವಿಗೆ ಸ್ವಲ್ಪ ಓರೆಯಾಗಿ ಬರುವಂತೆ ಕತ್ತರಿಸಿ, ಇಸ್ತ್ರಿ ಮಾಡಿ, ರಟ್ಟಿನ ಹಲಗೆಯ ಮೇಲೆ ಬಿಗಿಯಾಗಿ ಎಳೆದು ಹಿಂದೆ ಮಡಚಿ ಅಂಟಿಸಿದರೆ, ಬೇರೆ ಏನನ್ನೂ ಸೇರಿಸದೆಯೇ ಅದೊಂದು ಪೂರ್ಣ ಕೃತಿ. ಕಾಲರಿನ ಅಡಿ, ತೋಳಿನ ಮಡಿಕೆ, ಗುಂಡಿಪಟ್ಟಿಯ ಒಳಬದಿ ಇವೆಲ್ಲದರಲ್ಲಿಯೂ ಇದೇ ಬಗೆಯ ಗಾಢ ಮತ್ತು ಮಾಸಲು ಛಾಯೆಗಳು ಸಿಗುತ್ತವೆ. ಒಂದೇ ಬಣ್ಣದ ಕುಟುಂಬಕ್ಕೆ ಸೇರಿದ ಅಂಗಿಗಳಿಂದ ಇಂಥ ಚೌಕಗಳನ್ನು ಮಾಡಿ ಒಂದೇ ಅಳತೆಯ ಹಲಗೆಗಳಲ್ಲಿ ಸಾಲಾಗಿ ತೂಗುಹಾಕಬಹುದು.

ಎಳೆಯುವಾಗ ಮೊದಲು ನಾಲ್ಕು ಬದಿಗಳ ಮಧ್ಯವನ್ನು ಅಂಟಿಸಿ, ಆಮೇಲೆ ಮೂಲೆಗಳತ್ತ ಸರಿಯಿರಿ. ಮೂಲೆಯಿಂದ ಪ್ರಾರಂಭಿಸಿದರೆ ಬಟ್ಟೆಯ ನೂಲು ಓರೆಯಾಗುತ್ತದೆ. ಅಂಟನ್ನು ಹಿಂಬದಿಗೆ ಮಾತ್ರ ಹಚ್ಚಿ, ಏಕೆಂದರೆ ತೆಳು ಹತ್ತಿಯ ಮುಂಭಾಗಕ್ಕೆ ಅಂಟು ಜಿನುಗಿದರೆ ಕಲೆ ಹೋಗುವುದಿಲ್ಲ.

ಮಿನುಗುಪುಡಿ, ಸ್ಪ್ರೇ ಬಣ್ಣ, ಬಿಸಿ ಅಂಟಿನ ಕಡ್ಡಿಗಳನ್ನು ದಯವಿಟ್ಟು ಇದಕ್ಕಾಗಿ ಕೊಂಡು ತರಬೇಡಿ. ರದ್ದಿಗೆ ಹೋಗಿ ಮತ್ತೆ ಕಾಗದವಾಗಬಹುದಾಗಿದ್ದ ರಟ್ಟಿನ ಮೇಲೆ ಪ್ಲಾಸ್ಟಿಕ್ಕಿನ ಪುಡಿ ಸುರಿದರೆ ಆ ದಾರಿಯೂ ಮುಚ್ಚಿಹೋಗುತ್ತದೆ.

ಖಾಲಿಗೋಡೆ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಅಂಗಿಯ ಜೇಬನ್ನು ಬಿಚ್ಚಿ ನೋಡಿದೆ, ಹೇಳಿದ ಹಾಗೆಯೇ ಇದೆ. ನೀಲಿ ಅಂಗಿಗಳಿಂದಲೇ ಮಾಡಬೇಕೆಂದು ನಿರ್ಧರಿಸಿದ್ದೇನೆ. ಉಳಿದಿರುವುದು ಅಳತೆ ಮತ್ತು ತೂಗುಹಾಕುವ ಪ್ರಶ್ನೆ. ಬಾಡಿಗೆ ಮನೆಯಾದ್ದರಿಂದ ಮೊಳೆ ಹೊಡೆಯುವಂತಿಲ್ಲ. ಸೋಫಾ 180 ಸೆಂಟಿಮೀಟರ್ ಉದ್ದವಿದೆ. ಎಷ್ಟು ದೊಡ್ಡದಾಗಿ ಮಾಡಬೇಕು, ಎಷ್ಟು ಎತ್ತರದಲ್ಲಿ ಹಾಕಬೇಕು?

ಹಳೆರಟ್ಟು:

ಸಾಮಾನ್ಯವಾಗಿ ಅನುಸರಿಸುವ ಲೆಕ್ಕವೆಂದರೆ, ಕೆಳಗಿರುವ ಪೀಠೋಪಕರಣದ ಉದ್ದದ ಮೂರನೇ ಎರಡರಷ್ಟು ಅಗಲವನ್ನು ಗೋಡೆಯ ಮೇಲಿನ ಜೋಡಣೆ ತುಂಬಬೇಕು. ನಿಮ್ಮ ಸೋಫಾಕ್ಕೆ ಅದು ಸುಮಾರು 120 ಸೆಂಟಿಮೀಟರ್. 36 ಸೆಂಟಿಮೀಟರ್ ಅಗಲದ ಮೂರು ಹಲಗೆಗಳನ್ನು ನಡುವೆ 6 ಸೆಂಟಿಮೀಟರ್ ಬಿಟ್ಟು ಹಾಕಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಅಂಗಿಯ ಬೆನ್ನಿನ ಭಾಗದಲ್ಲಿ 36 ಸೆಂಟಿಮೀಟರಿನ ಹಲಗೆಗೂ ಮಡಿಕೆಗೂ ಬೇಕಾದಷ್ಟು ಬಟ್ಟೆ ಸಿಗುತ್ತದೆ. ಜೇಬಿರುವ ಮುಂಭಾಗ ಕಿರಿದಾದ್ದರಿಂದ ಪಕ್ಕದಲ್ಲಿ ಒಂದು ಪಟ್ಟಿ ಸೇರಿಸಿ ಹೊಲಿಯಬೇಕಾದೀತು, ಆ ಹೊಲಿಗೆಯನ್ನು ಮರೆಮಾಡದೆ ಕಾಣುವಂತೆಯೇ ಬಿಡಿ.

ಎತ್ತರದ ವಿಷಯದಲ್ಲಿ, ಕೃತಿಯ ನಡುಬಿಂದು ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂಬುದು ಹೆಚ್ಚಿನವರು ಪಾಲಿಸುವ ಅಳತೆ. ಆದರೆ ಸೋಫಾದ ಮೇಲೆ ಹಾಕುವಾಗ ನಡುಬಿಂದು ಅದಕ್ಕಿಂತ ಕೆಳಗೆ ಬಂದರೂ ಸರಿಯೇ: ಸೋಫಾದ ಬೆನ್ನಿಗೂ ಹಲಗೆಯ ಕೆಳ ಅಂಚಿಗೂ ನಡುವೆ 15ರಿಂದ 20 ಸೆಂಟಿಮೀಟರ್ ಅಂತರ ಉಳಿದರೆ ಎರಡೂ ಒಂದಕ್ಕೊಂದು ಸೇರಿದಂತೆ ಕಾಣುತ್ತವೆ; ಬಹಳ ಮೇಲೆ ಹಾಕಿದರೆ ಬೇರ್ಪಟ್ಟು ತೇಲಿದಂತಾಗುತ್ತದೆ. ಮೊದಲು ಹಳೆಯ ದಿನಪತ್ರಿಕೆಯನ್ನು ಹಲಗೆಯ ಅಳತೆಗೆ ಕತ್ತರಿಸಿ ಗೋಡೆಗೆ ಹಗುರವಾಗಿ ಅಂಟಿಸಿ, ಎರಡು ದಿನ ಹಾಗೆಯೇ ಬಿಟ್ಟು ನೋಡಿ. ಸ್ಥಳ ಸರಿಯೆನಿಸಿದ ಮೇಲಷ್ಟೇ ಹಲಗೆಗಳನ್ನು ಹಾಕಿ.

ರಟ್ಟಿನ ಹಲಗೆಗಳು ಹಗುರವಾದ್ದರಿಂದ ಎರಡು ಬದಿ ಅಂಟಿರುವ ಟೇಪಿನ ತುಂಡುಗಳು ಸಾಕಾಗುತ್ತವೆ. ಆದರೆ ಕೆಲವು ಟೇಪುಗಳು ತೆಗೆಯುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತವೆ, ಆದ್ದರಿಂದ ಮೊದಲು ಸೋಫಾದ ಹಿಂದೆ ಮರೆಯಾಗುವ ಜಾಗದಲ್ಲಿ ಒಂದು ತುಂಡನ್ನು ಅಂಟಿಸಿ, ಮಾರನೆಯ ದಿನ ನಿಧಾನವಾಗಿ ಕಿತ್ತು ಪರೀಕ್ಷಿಸಿ. ಬಣ್ಣ ಏಳುವಂತಿದ್ದರೆ ಗೋಡೆಗೆ ಅಂಟಿಸುವ ಯೋಚನೆಯನ್ನೇ ಬಿಟ್ಟು, ಸೋಫಾದ ಹಿಂದೆ ಕಿರಿದಾದ ಹಲಗೆಯನ್ನೋ ಬೆಂಚನ್ನೋ ಇಟ್ಟು, ಅದರ ಮೇಲೆ ಮೂರನ್ನೂ ಗೋಡೆಗೆ ಒರಗಿಸಿಡಬಹುದು.

ಕತ್ತರಿಕೆಲಸ:

ಮೂರು ಹಲಗೆಗಳ ಸಾಲಿನಲ್ಲಿ ಗಾಢ ಚೌಕಗಳು ಒಂದೇ ಎತ್ತರದಲ್ಲಿ ಬಾರದಂತೆ ನೋಡಿಕೊಳ್ಳಿ. ಒಂದರಲ್ಲಿ ಮೇಲಕ್ಕೆ, ನಡುವಿನದರಲ್ಲಿ ಬಹಳ ಕೆಳಕ್ಕೆ, ಮೂರನೆಯದರಲ್ಲಿ ಅಂಚಿನಿಂದ ಅರ್ಧ ಹೊರಗೆ ಹೋಗುವಂತೆ ಎಳೆದರೆ ಕಣ್ಣು ಮೂರನ್ನೂ ಒಟ್ಟಿಗೆ ಓದುತ್ತದೆ. ಅಂಟಿಸುವ ಮುನ್ನ ಮೂರನ್ನೂ ನೆಲದ ಮೇಲೆ ಹರಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದು ಚಿಕ್ಕದಾಗಿ ನೋಡಿ. ಜೋಡಣೆಯ ತಪ್ಪುಗಳು ಅಲ್ಲಿ ಬೇಗ ಗೋಚರಿಸುತ್ತವೆ.